ಟಿಕೆಟಿನ ಬೆನ್ನ ಮೇಲಿನ ಬಾಕಿ

ರಾಯಚೂರಿನಿಂದ ದೇವದುರ್ಗಕ್ಕಾಗಲಿ ಮಾನ್ವಿಗಾಗಲಿ ಸರ್ಕಾರಿ ಬಸ್ಸಿನಲ್ಲಿ ನಾಲ್ಕು ಸಲ ಓಡಾಡಿದವರು ಟಿಕೆಟಿನ ಬೆನ್ನ ಮೇಲೆ ಬರೆದ ಲೆಕ್ಕವನ್ನು ಒಮ್ಮೆಯಾದರೂ ಕಂಡಿರಲೇಬೇಕು. ಪ್ರಯಾಣಿಕನು ನೂರರ ನೋಟು ಕೊಡುತ್ತಾನೆ. ಕಂಡಕ್ಟರನ ಚೀಲದಲ್ಲಿ ಚಿಲ್ಲರೆ ಇಲ್ಲ. ಇದ್ದರೂ ಮುಂದಿನ ಊರಿನವರಿಗೆ ಬೇಕಾದೀತೆಂದು ಬಚ್ಚಿಟ್ಟುಕೊಂಡಿದ್ದಾನೆ. ಕಿವಿಯ ಸಂದಿನಿಂದ ಪೆನ್ನು ತೆಗೆದು, ಟಿಕೆಟನ್ನು ಬೋರಲು ಮಾಡಿ, ಕೊಡಬೇಕಾದ ಬಾಕಿಯನ್ನು ಗೀಚಿ ಮುಂದಿನ ಸಾಲಿಗೆ ಸರಿದುಬಿಡುತ್ತಾನೆ. ಅಲ್ಲಿಂದಾಚೆಗೆ ಆ ಪ್ರಯಾಣಿಕನಿಗೆ ಕಿಟಕಿಯ ಹೊರಗಿನ ಹತ್ತಿಯ ಹೊಲವೂ ಕಾಣದು, ಪಕ್ಕದವನ ಮಾತೂ ಕೇಳದು. ಗೀಚಿದ ಆ ಅಂಕಿಯೊಂದೇ ತಲೆಯಲ್ಲಿ ಕುಳಿತಿರುತ್ತದೆ. ಊರು ಹತ್ತಿರವಾದಂತೆ ಮಾತು ಏಳುತ್ತದೆ.

"ತಮ್ಮಾ, ನನ್ನ ರೊಕ್ಕ ಕೊಡಪ್ಪಾ, ಊರು ಬಂತು."

"ತಡೀ ಯಮ್ಮಾ, ಚಿಲ್ಲರ ಬರ್ಲಿ. ಮುಂಜಾನಿಂದ ಎಲ್ಲಾರೂ ನೂರರ ನೋಟೇ ಕೊಟ್ರ ನಾ ಎಲ್ಲಿಂದ ತರ್ಲಿ?"

"ಇಳದ ಮ್ಯಾಲ ನಿನ್ನ ಎಲ್ಲಿ ಹುಡುಕ್ಲಿ ಯಪ್ಪಾ?"

ಮುದುಕಿಯ ಪ್ರಶ್ನೆಯೂ ನ್ಯಾಯವಾದದ್ದೇ, ಕಂಡಕ್ಟರನ ಉತ್ತರವೂ ನ್ಯಾಯವಾದದ್ದೇ. ಇಬ್ಬರ ಮಾತಿನಲ್ಲೂ ನ್ಯಾಯವಿದ್ದು, ಆದರೂ ಇಬ್ಬರೂ ಸಿಟ್ಟಿಗೇಳಬೇಕಾಗಿ ಬರುವ ಜಗಳ ನಮ್ಮ ನಾಡಿನಲ್ಲಿ ಇದೊಂದೇ ಇರಲಾರದು. ಆದರೆ ದಿನಕ್ಕೆ ಇಷ್ಟು ಸಲ ನಡೆಯುವುದು ಇದೊಂದೇ ಇದ್ದೀತು. ಸಾರಿಗೆಯ ಚರಿತ್ರೆ ಬರೆಯುವವರು ಎಷ್ಟು ಬಸ್ಸು, ಎಷ್ಟು ಮೈಲಿ, ಎಷ್ಟು ಆದಾಯ ಎಂದು ಬರೆದಿಟ್ಟಿದ್ದಾರೆ. ಈ ಜಗಳಕ್ಕೂ ಒಂದು ಚರಿತ್ರೆಯುಂಟೆಂಬುದನ್ನು ಅವರು ಗಮನಕ್ಕೆ ತಂದುಕೊಂಡಂತಿಲ್ಲ. ಅದನ್ನು ಹಿಡಿದು ಸ್ವಲ್ಪ ಹಿಂದಕ್ಕೆ ಹೋದರೆ ಒಂದು ಸಂಗತಿ ಕಾಣುತ್ತದೆ: ಬಸ್ಸಿನೊಳಗೆ ಕಾದಾಡುವವರು ಇಬ್ಬರು, ಕಾದಾಟಕ್ಕೆ ಕಾರಣನಾದ ಮೂರನೆಯವನು ಯಾವ ಕಾಲದಲ್ಲಿಯೂ ಆ ಬಸ್ಸಿನಲ್ಲಿ ಕುಳಿತಿರಲಿಲ್ಲ.

ಕೃಷ್ಣೆ ತುಂಗಭದ್ರೆಗಳ ನಡುವಣ ಈ ಸೀಮೆಗೆ ಉಗಿಬಂಡಿ ಬಂದದ್ದು ಬೇಗ. ಮುಂಬಯಿಯ ಕಡೆಯಿಂದ ಬಂದ ಜಿ.ಐ.ಪಿ. ರೈಲು ದಾರಿಯೂ ಮದರಾಸಿನ ಕಡೆಯಿಂದ ಬಂದ ದಾರಿಯೂ ೧೮೭೧ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ. ಆದರೆ ರೈಲು ರಾಯಚೂರನ್ನು ಮುಟ್ಟಿತೇ ಹೊರತು ಮಾನ್ವಿಯನ್ನಾಗಲಿ ದೇವದುರ್ಗವನ್ನಾಗಲಿ ಮುಟ್ಟಲಿಲ್ಲ. ನಿಲ್ದಾಣದಲ್ಲಿ ಇಳಿದವನು ಒಳನಾಡಿಗೆ ಹೋಗಬೇಕಾದರೆ ಬಂಡಿ, ಇಲ್ಲವೆ ಕಾಲ್ನಡಿಗೆ. ಬಂಡಿಯವನ ಸಂಗಡ ಬಾಡಿಗೆಯ ಚೌಕಾಶಿ ಹೊರಡುವ ಮೊದಲೇ ಮುಗಿಯುತ್ತಿದ್ದಿತು. ಕೊಡುವವನು ಇವನು, ತೆಗೆದುಕೊಳ್ಳುವವನು ಅವನು. ನಡುವೆ ಚೀಟಿಯಿಲ್ಲ, ತನಿಖೆಯವನಿಲ್ಲ. ಎತ್ತು ಕುಂಟಿದರೆ ದಾರಿಯಲ್ಲಿಯೇ ಬಾಡಿಗೆ ಇಳಿಸಬಹುದಾಗಿತ್ತು. ಜಗಳವಿರಲಿಲ್ಲವೆಂದಲ್ಲ, ಅದು ಇಬ್ಬರದೇ ಜಗಳವಾಗಿದ್ದಿತು.

ಮೂರನೆಯವನು ಬಂದದ್ದು ೧೯೩೨ರಲ್ಲಿ. ಆ ವರ್ಷದ ಜೂನ್ ೧೫ರಂದು ನಿಜಾಮರ ರೈಲ್ವೆಯು ರಸ್ತೆ ಸಾರಿಗೆಗೆಂದು ಒಂದು ಶಾಖೆಯನ್ನು ತೆರೆಯಿತು. ಪ್ರಾರಂಭದಲ್ಲಿ ಇದ್ದವು ೨೭ ಬಸ್ಸುಗಳು, ೧೬೬ ಜನ ನೌಕರರು. ಮೈಸೂರು ಸರ್ಕಾರವು ತನ್ನ ರಸ್ತೆ ಸಾರಿಗೆ ಖಾತೆಯನ್ನು ತೆರೆದದ್ದು ಇದಾಗಿ ಹದಿನಾರು ವರ್ಷಗಳ ಮೇಲೆ, ೧೯೪೮ರ ಸೆಪ್ಟೆಂಬರ್ ೧೨ರಂದು, ೧೨೦ ಬಸ್ಸುಗಳಿಂದ. ಹೈದರಾಬಾದಿನ ಬಸ್ಸುಗಳ ನೋಂದಣಿಯ ಅಂಕಿಗಳ ನಡುವೆ ಒಂದು 'ಝೆಡ್' ಅಕ್ಷರವಿರುತ್ತಿದ್ದಿತು. ಅದು ನಿಜಾಮರ ತಾಯಿ ಝಹ್ರಾ ಬೇಗಂ ಅವರ ನೆನಪಿಗೆಂದು ಹೇಳುವುದುಂಟು. ಬಸ್ಸಿನ ಹಣೆಯ ಮೇಲೆ ಅರಸನ ತಾಯಿಯ ಹೆಸರಿನ ಅಕ್ಷರವಿದ್ದ ಮೇಲೆ, ಒಳಗೆ ನಿಂತು ಕಾಸು ಕೇಳುವವನನ್ನು ಹಳ್ಳಿಗನು ಹೇಗೆ ಕಂಡಿರಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಇಲ್ಲಿ ಕನ್ನಡ ನಾಡಿನ ಇತರ ಭಾಗಗಳಿಗೂ ಈ ಸೀಮೆಗೂ ಇರುವ ಅಂತರವನ್ನು ಹೇಳಬೇಕು. ದಕ್ಷಿಣ ಕನ್ನಡ, ಮಲೆನಾಡುಗಳಲ್ಲಿ ಬಸ್ಸೆಂದರೆ ಖಾಸಗಿಯವರ ಬಸ್ಸು. ಅಲ್ಲಿ ಕಂಡಕ್ಟರನು ಧಣಿಯ ಆಳು. ಆತ ಗದರಿಸಿದರೆ ಧಣಿಗೆ ಹೇಳಿಕೊಡಬಹುದು, ಅದೂ ಬೇಡವೆಂದರೆ ಹಿಂದೆಯೇ ಬರುವ ಇನ್ನೊಂದು ಕಂಪನಿಯ ಬಸ್ಸು ಹತ್ತಬಹುದು. ಆತನೂ ಅದನ್ನು ಬಲ್ಲವನಾದುದರಿಂದ "ಬನ್ನಿ ಬನ್ನಿ" ಎಂದು ಕೂಗಿ ಹತ್ತಿಸಿಕೊಳ್ಳುತ್ತಾನೆ. ರಾಯಚೂರಿನ ಕಡೆ ಬಸ್ಸು ಜನರಿಗೆ ಪರಿಚಯವಾದದ್ದೇ ಸರ್ಕಾರವಾಗಿ. ಖಾಕಿ ತೊಟ್ಟ ಕಂಡಕ್ಟರನು ಹಳ್ಳಿಗನ ಕಣ್ಣಿಗೆ ಪಟವಾರಿಯ, ಪೋಲೀಸ್ ಪಟೇಲನ ಸಾಲಿನವನು. ಆತನ ಮೇಲೆ ದೂರು ಹೇಳಬೇಕೆಂದರೆ ಸರ್ಕಾರದ ಮೇಲೆಯೇ ಹೇಳಬೇಕು. ಇಳಿದು ಬೇರೆ ಬಸ್ಸು ಹತ್ತೋಣವೆಂದರೆ ಬೇರೆ ಬಸ್ಸಿಲ್ಲ. ಸರ್ಕಾರದಲ್ಲಿ ತನ್ನ ಕೈಗೆ ಎಟಕುವ ಏಕೈಕ ಮನುಷ್ಯನೆಂದರೆ ಈತನೇ ಆದುದರಿಂದ ತಹಶೀಲಿಯ ಸಿಟ್ಟನ್ನೂ ಈತನ ಮೇಲೆಯೇ ತೀರಿಸಿಕೊಳ್ಳುವವರು ಇದ್ದರು. ಈಗಲೂ ಇದ್ದಾರೆ.

ಮತ್ತೆ ಭಾಷೆಯ ಮಾತು. ಸಂಸ್ಥಾನದ ಆಡಳಿತದ ಭಾಷೆ ಉರ್ದು. ಮಾನ್ವಿಯ, ದೇವದುರ್ಗದ ಹೊಲಗಳ ಭಾಷೆ ಕನ್ನಡ. ಇದರಿಂದ ತೊಡಕಾಯಿತೆಂಬುದು ನಿಜವಾದರೂ ಇದನ್ನು ಅತಿಯಾಗಿ ಹೇಳುವುದು ಸರಿಯಲ್ಲ. ಈ ಸೀಮೆಯವರು ಎರಡು ಮೂರು ನುಡಿಗಳನ್ನು ಸಂತೆಯಲ್ಲಿಯೇ ಕಲಿತವರು. 'ಚಿಲ್ಲರೆ'ಯ ಜಗಳವನ್ನು ಕನ್ನಡದಲ್ಲಿ ತೆಗೆದು, ಉರ್ದುವಿನಲ್ಲಿ ಏರಿಸಿ, ತೆಲುಗಿನಲ್ಲಿ ಮುಗಿಸಬಲ್ಲ ಜಾಣರು ರಾಯಚೂರಿನ ನಿಲ್ದಾಣದಲ್ಲಿ ಇಂದಿಗೂ ಸಿಕ್ಕಾರು.

ಭಾಷೆಗಿಂತ ಹೆಚ್ಚಿನ ತೊಡಕು ನಾಣ್ಯದ್ದು. ಹೈದರಾಬಾದು ಸಂಸ್ಥಾನಕ್ಕೆ ತನ್ನದೇ ಟಂಕಸಾಲೆಯಿದ್ದಿತು; ಅದರ ರೂಪಾಯಿಯನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು. ಬ್ರಿಟಿಷರ ರೂಪಾಯಿಗೆ ಕಲ್ದಾರ್ ಎಂದು ಹೆಸರು. ನೂರು ಕಲ್ದಾರಿಗೆ ೧೧೬ ಹಾಲಿ ರೂಪಾಯಿ ೧೦ ಆಣೆ ೮ ಪೈ ಎಂಬುದು ಸರ್ಕಾರಿ ದರ. ಸಂತೆಯ ಮಾತಿನಲ್ಲಿ ಹೇಳುವುದಾದರೆ ಏಳು ಹಾಲಿಗೆ ಆರು ಕಲ್ದಾರು. ಬೇರೆ ಊರುಗಳಲ್ಲಿ ಇದು ಸಾಹುಕಾರರ ಲೆಕ್ಕವಾಗಿದ್ದೀತು. ರಾಯಚೂರಿನಲ್ಲಿ ಹಾಗಲ್ಲ. ತುಂಗಭದ್ರೆಯ ಆಚೆಯ ದಡದಲ್ಲಿ ಮದರಾಸು ಇಲಾಖೆ, ಅಲ್ಲಿ ಕಲ್ದಾರು; ಈಚೆಯ ದಡದಲ್ಲಿ ಕೂಲಿ, ಕಂದಾಯ, ಸಂತೆ ಎಲ್ಲವೂ ಹಾಲಿ. ಆದವಾನಿಯಲ್ಲಿ ಹತ್ತಿ ಮಾರಿ ರೈಲಿನಲ್ಲಿ ಬಂದು ಇಳಿದವನ ಉಡಿಯಲ್ಲಿ ಒಂದು ನಾಣ್ಯ, ಊರಿನಿಂದ ಹೊರಟವನ ಉಡಿಯಲ್ಲಿ ಇನ್ನೊಂದು. ಏಳಕ್ಕೆ ಆರೆಂಬ ಭಾಗಾಕಾರವನ್ನು ಓಡುವ ಬಂಡಿಯಲ್ಲಿ, ಅಕ್ಷರ ಕಲಿಯದವನ ಎದುರಿನಲ್ಲಿ, ಆಣೆ ಪೈಗಳಿಗೆ ಇಳಿಸಿ ತೋರಿಸಬೇಕಾದವನ ಪಾಡು ಸುಖದ್ದಾಗಿರಲಾರದು. ಒಂದು ಪೈ ಹೆಚ್ಚಾದರೂ ಮೋಸ ಹೋದೆನೆಂದು ಕೊಟ್ಟವನಿಗೆ ಅನ್ನಿಸದೆ ಇರದು. ಹಾಲಿ ಸಿಕ್ಕಾವನ್ನು ಟಂಕಿಸಿದವನು ಹೈದರಾಬಾದಿನಲ್ಲಿದ್ದ. ಕಲ್ದಾರನ್ನು ಟಂಕಿಸಿದವನು ಕಲಕತ್ತೆ, ಮುಂಬಯಿಗಳಲ್ಲಿದ್ದ. ಬೈಗಳು ತಿಂದವನು ಮಾತ್ರ ನಡುವೆ ಸಿಕ್ಕಿದವನು.

೧೯೪೮ರ ಸೆಪ್ಟೆಂಬರಿನಲ್ಲಿ ಪೋಲೀಸು ಕಾರ್ಯಾಚರಣೆಯಾಗಿ ಸಂಸ್ಥಾನವು ಭಾರತದಲ್ಲಿ ಸೇರಿತು. ಹಾಲಿ ನಾಣ್ಯವು ಐವತ್ತರ ದಶಕದಲ್ಲಿ ಹಂತಹಂತವಾಗಿ ಮರೆಯಾಯಿತು. ಬಸ್ಸುಗಳು ೧೯೫೧ರ ನವೆಂಬರ್ ೧ರಂದು ರೈಲ್ವೆಯ ಕೈಯಿಂದ ಹೈದರಾಬಾದು ರಾಜ್ಯ ಸರ್ಕಾರದ ಕೈಗೆ ಬಂದವು. ಅದಾಗಿ ಸರಿಯಾಗಿ ಐದು ವರ್ಷಕ್ಕೆ, ೧೯೫೬ರ ನವೆಂಬರ್ ೧ರಂದು, ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಈ ಭಾಗದ ಸರ್ಕಾರಿ ಬಸ್ಸುಗಳೂ ಮೈಸೂರಿನ ಖಾತೆಯವಾದವು. ಆದರೆ ಇಡೀ ಜಿಲ್ಲೆ ಬರಲಿಲ್ಲ. ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ನಿನ್ನೆಯವರೆಗೆ ಒಂದೇ ಜಿಲ್ಲೆಯೊಳಗಿನ ದಾರಿಯಾಗಿದ್ದ ರಾಯಚೂರು-ಗದ್ವಾಲದ ದಾರಿ ಒಂದೇ ರಾತ್ರಿಯಲ್ಲಿ ಅಂತರರಾಜ್ಯದ ದಾರಿಯಾಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಮುಂದೆ ಇದು ಮತ್ತೆ ಬರುತ್ತದೆ.

ಹಾಲಿ ಕಲ್ದಾರಿನ ಗೊಂದಲ ಅಡಗುವುದರೊಳಗೆ ನಯೇ ಪೈಸೆ ಬಂದಿತು. ೧೯೫೭ರ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ಪೈಸೆ. ಆಣೆಗೆ ಆರೂ ಕಾಲು ಪೈಸೆ ಬಂದುದರಿಂದ ಕಾಲುಗಳನ್ನು ಕೈಬಿಟ್ಟು ಸರ್ಕಾರವು ಒಂದು ಪಟ್ಟಿ ಮಾಡಿತು: ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫. ಈಗ ಲೆಕ್ಕ ನೋಡಿರಿ. ಎರಡಾಣೆಯ, ಅಂದರೆ ೧೨ ಪೈಸೆಯ ಟಿಕೆಟಿಗೆ ಪ್ರಯಾಣಿಕನು ಪಾವಲಿ ಕೊಡುತ್ತಾನೆ. ಪಾವಲಿಯೆಂದರೆ ೨೫, ಹನ್ನೆರಡು ಕಳೆದರೆ ಅವನಿಗೆ ಬರತಕ್ಕದ್ದು ೧೩. ಕಂಡಕ್ಟರನು ಚೀಲಕ್ಕೆ ಕೈ ಹಾಕಿ ಹಳೆಯ ಎರಡಾಣೆಯ ಬಿಲ್ಲೆಯನ್ನು ಕೊಟ್ಟರೆ ಪಟ್ಟಿಯ ಪ್ರಕಾರ ಅದು ೧೨ ಮಾತ್ರ. ಹಳೆಯ ಲೆಕ್ಕದಲ್ಲಿ ನಾಲ್ಕರಲ್ಲಿ ಎರಡು ಹೋದರೆ ಎರಡು, ಯಾರಿಗೂ ಅನ್ಯಾಯವಿಲ್ಲ. ಹೊಸ ಲೆಕ್ಕದಲ್ಲಿ ಒಂದು ಪೈಸೆ ಗಾಳಿಯಲ್ಲಿ ಹೋಯಿತು. ಪ್ರಯಾಣಿಕನು ಕಂಡಕ್ಟರನನ್ನು ಕಳ್ಳನೆಂದರೆ ಕಂಡಕ್ಟರನು ಪ್ರಯಾಣಿಕನನ್ನು ಜಿಪುಣನೆನ್ನುವನು. ಕದ್ದದ್ದು ಪಟ್ಟಿ! ಹಳೆಯ ನಾಣ್ಯಗಳೂ ಹೊಸ ನಾಣ್ಯಗಳೂ ಕೆಲವು ವರ್ಷ ಒಟ್ಟಿಗೇ ಓಡಾಡಿದುವಾದುದರಿಂದ ಈ ತಕರಾರು ಒಂದು ದಿನದಲ್ಲಿ ಮುಗಿಯಲಿಲ್ಲ. 'ನಯೇ' ಎಂಬ ಪದವನ್ನು ಕೈಬಿಟ್ಟದ್ದೇ ೧೯೬೪ರಲ್ಲಿ.

೧೯೬೧ ನೌಕರರ ಪಾಲಿಗೆ ಎರಡು ಕಾರಣದಿಂದ ದೊಡ್ಡ ವರ್ಷ. ಆಗಸ್ಟ್ ೧ರಂದು ಸರ್ಕಾರಿ ಖಾತೆಯು ಹೋಗಿ ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. ಅದೇ ವರ್ಷ ಮೋಟಾರು ಸಾರಿಗೆ ಕೆಲಸಗಾರರ ಕಾನೂನು ಬಂದು, ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂಬ ಸಾಮಾನ್ಯ ಮಿತಿಯನ್ನು ಹಾಕಿತು. ಡ್ರೈವರನ ಕೈಗಾಲುಗಳಿಗೂ ಕಂಡಕ್ಟರನ ಗಂಟಲಿಗೂ ದಣಿವಾಗುತ್ತದೆಂಬುದನ್ನು ಕಾನೂನು ಒಪ್ಪಿಕೊಂಡಿತೆನ್ನಬಹುದು. ಮುಂದೆ ಹೆಸರುಗಳು ಬದಲಾದುವು: ೧೯೭೩ರಲ್ಲಿ ಕರ್ನಾಟಕದ ಸಂಸ್ಥೆ, ೨೦೦೦ದಲ್ಲಿ ಕಲಬುರಗಿಯಲ್ಲಿ ಕೇಂದ್ರ ಕಚೇರಿಯುಳ್ಳ ಈಶಾನ್ಯ ಸಂಸ್ಥೆ, ೨೦೨೧ರಲ್ಲಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಬಸ್ಸಿನ ಮೇಲಿನ ಹೆಸರು ಎಷ್ಟು ಸಲ ಬದಲಾದರೂ ದೇವದುರ್ಗದ ಮುದುಕಿಯ ಬಾಯಲ್ಲಿ ಅದು 'ಸರ್ಕಾರಿ ಬಸ್ಸು' ಎಂಬ ಒಂದೇ ಹೆಸರಿನಿಂದ ಓಡುತ್ತಿದೆ.

ಇನ್ನು ಕಂಡಕ್ಟರನ ಭಯದ ವಿಷಯ. ಇದನ್ನು ಪ್ರಯಾಣಿಕರಾದ ನಾವು ಯೋಚಿಸುವುದು ಕಡಿಮೆ. ಪಾಳಿ ಮುಗಿದ ಮೇಲೆ ಆತನು ಡಿಪೋದಲ್ಲಿ ಟಿಕೆಟಿನ ಲೆಕ್ಕಕ್ಕೆ ಸರಿಯಾಗಿ ಹಣ ಕಟ್ಟಬೇಕು. ಕಡಿಮೆ ಬಿದ್ದರೆ ಕೈಯಿಂದ ತೆರಬೇಕು. ಕಡಿಮೆಯಾದರೆ ನಷ್ಟ, ಇದು ಯಾರಿಗಾದರೂ ತಿಳಿಯುತ್ತದೆ. ಹೆಚ್ಚಾದರೂ ಕೇಡೆಂಬುದು ಹೊರಗಿನವರಿಗೆ ತಿಳಿಯದು. ದಾರಿಯಲ್ಲಿ ತನಿಖಾ ದಳದವರು ಬಸ್ಸು ನಿಲ್ಲಿಸಿ ಚೀಲ ಎಣಿಸಿದಾಗ ಲೆಕ್ಕಕ್ಕಿಂತ ಹೆಚ್ಚು ಹಣವಿದ್ದರೆ, ಟಿಕೆಟು ಕೊಡದೆ ಯಾರಿಂದಲೋ ವಸೂಲು ಮಾಡಿದ್ದೆಂಬ ಸಂಶಯ ಬರುತ್ತದೆ. ಮುದುಕಿಗೆ ಕೊಡಬೇಕಾಗಿ ಉಳಿದ ಚಿಲ್ಲರೆಯೂ ಆ ಚೀಲದಲ್ಲಿಯೇ ಇರುತ್ತದಷ್ಟೆ! ಟಿಕೆಟಿನ ಬೆನ್ನ ಮೇಲೆ ಬರೆದ ಅಂಕಿಯು ಆಕೆಗೆ ಹೇಗೆ ಸಾಕ್ಷಿಯೋ ಹಾಗೆ ಆತನಿಗೂ ಒಂದು ಸಾಕ್ಷಿ. ಇಬ್ಬರೂ ಹಿಡಿದುಕೊಂಡಿರುವುದು ಒಂದೇ ಚೀಟಿಯನ್ನು.

ಇದೇ ಭಯವನ್ನು ಕುರಿತ ಒಂದು ನ್ಯಾಯನಿರ್ಣಯವುಂಟು. ಅದು ನಮ್ಮ ಸೀಮೆಯದಲ್ಲ, ಹರಿಯಾಣದ್ದು. ಆದರೂ ದೇಶದ ಕಂಡಕ್ಟರರಿಗೆಲ್ಲ ಸಂಬಂಧಿಸಿದ್ದು. ಹನ್ನೊಂದು ಜನ ಪ್ರಯಾಣಿಕರು ಹಣ ಕೊಟ್ಟಿದ್ದರೂ ಅವರಿಗೆ ಟಿಕೆಟು ಕೊಟ್ಟಿರಲಿಲ್ಲವೆಂದು ಒಬ್ಬ ಕಂಡಕ್ಟರನನ್ನು ಕೆಲಸದಿಂದ ತೆಗೆದರು. ಆ ಹನ್ನೊಂದು ಜನರಲ್ಲಿ ಒಬ್ಬನನ್ನೂ ವಿಚಾರಣೆಗೆ ಕರೆದಿರಲಿಲ್ಲ. ಕೆಳಗಿನ ನ್ಯಾಯಾಲಯಗಳು ಇದು ಸಲ್ಲದೆಂದುವು. ೧೯೭೭ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ನೌಕರನ ಮೇಲಿನ ಇಲಾಖಾ ವಿಚಾರಣೆಯಲ್ಲಿ ಪ್ರಯಾಣಿಕರನ್ನು ಸಾಕ್ಷಿಗೆ ಕರೆಸಲೇಬೇಕೆಂದೇನೂ ಇಲ್ಲ, ತನಿಖಾಧಿಕಾರಿಯ ಸಾಕ್ಷ್ಯವೇ ಸಾಕಾಗಬಹುದು ಎಂಬ ತೀರ್ಪಾಯಿತು. ತೀರ್ಪು ಕೊಟ್ಟವರು ಬಡವರ ಪರವಾದ ನ್ಯಾಯಮೂರ್ತಿಯೆಂದು ಹೆಸರಾದ ಕೃಷ್ಣ ಅಯ್ಯರ್ ಅವರೇ. ೨೦೦೧ರಲ್ಲಿ ಕರ್ನಾಟಕದ ಸಾರಿಗೆ ಸಂಸ್ಥೆಯದೇ ಒಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಇನ್ನೂ ಬಿಗಿಯಾಗಿ ಮಾತಾಡಿ, ಟಿಕೆಟು ಕೊಡದ ಅಥವಾ ಕಡಿಮೆ ದರದ ಟಿಕೆಟು ಕೊಟ್ಟ ಕಂಡಕ್ಟರರ ಮೇಲೆ ಕಾರ್ಮಿಕ ನ್ಯಾಯಾಲಯಗಳು ಕನಿಕರ ತೋರಿಸುವುದು ಸಲ್ಲದೆಂದಿತು. ಸಾರ್ವಜನಿಕರ ಹಣದ ದೃಷ್ಟಿಯಿಂದ ಇವುಗಳಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಬಸ್ಸಿನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆಯಾಗುತ್ತದೆ. "ಟಿಕೆಟ್ ಬ್ಯಾಡಣ್ಣಾ, ಅರ್ಧ ರೊಕ್ಕ ತಗೊ" ಎನ್ನುವವನು ಪ್ರಯಾಣಿಕ. ಸಿಕ್ಕಿಬಿದ್ದಾಗ ಆತ ದಂಡ ಕಟ್ಟಿ ಇಳಿದು ಹೊಲಕ್ಕೆ ಹೋಗುತ್ತಾನೆ. ಈತನು ಅನ್ನಕ್ಕೆ ಎರವಾಗುತ್ತಾನೆ. ೧೯೮೮ರ ಮೋಟಾರು ವಾಹನ ಕಾನೂನಿನ ೧೭೮ನೆಯ ಕಲಮು ಮಾತ್ರ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ: ಟಿಕೆಟಿಲ್ಲದೆ ಹೋದವನಿಗೂ ೫೦೦ ರೂಪಾಯಿಯವರೆಗೆ ದಂಡ, ಟಿಕೆಟು ಕೊಡದವನಿಗೂ ೫೦೦ ರೂಪಾಯಿಯವರೆಗೆ ದಂಡ.

ಹೀಗೆ ಸದಾ ಹೆದರಿರುವ ಮನುಷ್ಯನು ಎದುರಿಗಿರುವವರನ್ನೆಲ್ಲ ಸಂಶಯದಿಂದ ನೋಡಿದರೆ ಆಶ್ಚರ್ಯವಿಲ್ಲ. ಎಲ್ಲಿ ಹತ್ತಿದಿರಿ, ಹುಡುಗನಿಗೆ ಎಷ್ಟು ವರ್ಷ, ಆ ಚೀಲದಲ್ಲೇನಿದೆ: ಇವು ಪೋಲೀಸರ ಪ್ರಶ್ನೆಗಳಂತೆ ಕೇಳಿಸುತ್ತವೆ. ಮಾನ್ವಿಯ ಸೀಮೆಯವರಿಗೆ ಚೀಲದ ಪ್ರಶ್ನೆ ವಿಶೇಷವಾಗಿ ನೋಯುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಭತ್ತದ ನಾಡಾದ ಮೇಲೆ, ನಾಟಿಗೆ ಕೊಯ್ಲಿಗೆ ಹೋದ ಕೂಲಿಯವರು ದುಡಿದ ಕಾಳನ್ನೇ ಚೀಲ ಮಾಡಿಕೊಂಡು ಬಸ್ಸು ಹತ್ತುವುದುಂಟು. ಕೂಲಿಯೇ ಲಗೇಜಾದ ಮೇಲೆ ಕೂಲಿಗೂ ಟಿಕೆಟು ತೆಗೆಯಬೇಕೆಂದರೆ ಅವರಿಗೆ ಹೇಗನ್ನಿಸಬೇಡ?

ಅಕ್ಷರದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ೨೦೧೧ರ ಜನಗಣತಿಯಂತೆ ರಾಯಚೂರು ಜಿಲ್ಲೆಯಲ್ಲಿ ಓದಬಲ್ಲವರು ನೂರಕ್ಕೆ ಅರವತ್ತರ ಒಳಗೆ; ಯಾದಗಿರಿಯನ್ನು ಬಿಟ್ಟರೆ ರಾಜ್ಯದಲ್ಲಿ ಇದಕ್ಕಿಂತ ಕೆಳಗಿನ ಜಿಲ್ಲೆಯಿರಲಿಲ್ಲ. ಹಿಂದೆ ಬೇರೆ ಬೇರೆ ಬೆಲೆಯ ಟಿಕೆಟಿಗೆ ಬೇರೆ ಬೇರೆ ಬಣ್ಣವಿರುತ್ತಿದ್ದಿತು. ಓದು ಬಾರದವಳೂ "ನಮ್ಮೂರಿಗೆ ಕೆಂಪು ಚೀಟಿ" ಎಂದು ಗುರುತಿಟ್ಟುಕೊಳ್ಳುತ್ತಿದ್ದಳು. ಹಸಿರು ಕೊಟ್ಟರೆ ಕೇಳುತ್ತಿದ್ದಳು. ಯಂತ್ರದಿಂದ ಬರುವ ಈಗಿನ ಚೀಟಿಗಳೆಲ್ಲ ಒಂದೇ ಬಣ್ಣದವು. ಲೆಕ್ಕವು ಶುದ್ಧವಾಯಿತು, ನಿಜ. ಆದರೆ ಅದನ್ನು ಓದಬೇಕು. ಓದು ಬಾರದಿದ್ದರೆ ಕಂಡಕ್ಟರನ ಮಾತನ್ನೇ ನಂಬಬೇಕು. ಬಿಸಿಲಿಗೆ ಹಿಡಿದರೆ ಆ ಅಕ್ಷರಗಳು ಮಾಸಿಯೂ ಹೋಗುತ್ತವೆ. ರಾಯಚೂರಿನ ಬಿಸಿಲನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಪ್ರಯಾಣಿಕರ ಸಿಟ್ಟಿಗೂ ದೊಡ್ಡ ಕಾರಣ ಚಿಲ್ಲರೆಯಲ್ಲ, ನಿಲ್ಲದೆ ಹೋಗುವ ಬಸ್ಸು. ಗಬ್ಬೂರಿನ ಕಡೆಯ ಹಳ್ಳಿಯೊಂದರಲ್ಲಿ ಬೆಳಿಗ್ಗೆ ಶಾಲೆ ಕಾಲೇಜಿನ ಹುಡುಗರು ಕಾದು ನಿಂತಿರುತ್ತಾರೆ. ಬಸ್ಸು ಹಿಂದಿನ ಊರಿನಲ್ಲಿಯೇ ತುಂಬಿ, ಬಾಗಿಲಲ್ಲಿ ಜನ ಜೋತು ಬಿದ್ದಿರುತ್ತಾರೆ. ಡ್ರೈವರನು ನಿಲ್ಲಿಸುವುದಿಲ್ಲ. ನಿಲ್ಲಿಸಿ ಹತ್ತಿಸಿಕೊಂಡು ಹುಡುಗನೊಬ್ಬ ಬಿದ್ದರೆ ಹೊಣೆ ಅವನದು. ನಿಲ್ಲಿಸದೆ ಹೋದರೆ ಸೊಕ್ಕು ಅವನದು. ಹುಡುಗರ ಬಳಿ ಪಾಸುಂಟು, ಪಾಸಿನವರಿಂದ ಆ ದಿನದ ಚೀಲಕ್ಕೆ ಕಾಸಿಲ್ಲ; ಆದ್ದರಿಂದಲೇ ನಿಲ್ಲಿಸಲಿಲ್ಲವೆಂದು ಹುಡುಗರು ತಿಳಿಯುತ್ತಾರೆ. ಎಲ್ಲ ಸಲವೂ ಅವರ ತಿಳಿವಳಿಕೆ ತಪ್ಪೆಂದು ನಾನು ಹೇಳಲಾರೆ. ಮರುದಿನ ಅವರು ರಸ್ತೆಗೆ ಅಡ್ಡ ಕುಳಿತು ಮೊದಲು ಬಂದ ಬಸ್ಸನ್ನು ತಡೆಯುತ್ತಾರೆ. ತಡೆದ ಬಸ್ಸಿನ ಡ್ರೈವರನು ನಿನ್ನೆಯವನೇ ಆಗಿರಬೇಕೆಂದಿಲ್ಲ. ಆ ದಾರಿಗೆ ಇನ್ನೊಂದು ಬಸ್ಸು ಹಾಕದವರು ಯಾರೋ, ಅವರು ಆ ರಸ್ತೆಯಲ್ಲಿ ಓಡಾಡುವವರಲ್ಲ.

ಇಷ್ಟು ಹೇಳಿದ ಮೇಲೆ ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ರಾತ್ರಿ ಹಳ್ಳಿಯಲ್ಲಿ ತಂಗುವ ಬಸ್ಸುಗಳಿಗೆ ನಮ್ಮಲ್ಲಿ 'ವಸ್ತಿ ಬಸ್ಸು' ಎನ್ನುತ್ತಾರೆ. ಕೊನೆಯ ಊರಿನಲ್ಲಿ ಗುಡಿಯ ಮುಂದೆಯೋ ಚಾವಡಿಯ ಮುಂದೆಯೋ ಬಸ್ಸು ನಿಲ್ಲಿಸಿ, ಡ್ರೈವರ್ ಕಂಡಕ್ಟರರಿಬ್ಬರೂ ಒಳಗೇ ಸೀಟಿನ ಮೇಲೆ ಮಲಗಿ, ನಸುಕಿನಲ್ಲಿ ಮತ್ತೆ ಹೊರಡುತ್ತಾರೆ. ಹಗಲು ಚಿಲ್ಲರೆಗೆ ಕಾದಾಡಿದ ಊರಿನವರೇ ರಾತ್ರಿ ಜೋಳದ ರೊಟ್ಟಿ, ಪುಂಡಿಪಲ್ಯ, ಕಾರ ತಂದುಕೊಡುತ್ತಾರೆ. ಹೆರಿಗೆಯ ನೋವು ಬಂದರೆ, ಹಾವು ಕಚ್ಚಿದರೆ, ನಡುರಾತ್ರಿ ಬಸ್ಸಿನ ಬಾಗಿಲನ್ನೇ ತಟ್ಟುವುದು. ಅಂತಹ ಊರುಗಳಲ್ಲಿ ಕಂಡಕ್ಟರನಿಗೆ ಯಾರ ಮಗಳ ಮದುವೆ ಎಂದು, ಯಾರ ಎತ್ತು ಸತ್ತಿತು ಎಲ್ಲವೂ ಗೊತ್ತಿರುತ್ತದೆ. ಆ ಬಸ್ಸಿನಲ್ಲಿಯೂ ಜಗಳವುಂಟು. ಆದರೆ ಅದು ಹೆಸರು ಹಿಡಿದು ಆಡುವ ಜಗಳ. ಹೆಸರು ಗೊತ್ತಿಲ್ಲದವರ ಜಗಳವೇ ಕೈಗೆ ಹತ್ತುವುದು.

ಪ್ರಯಾಣಿಕನೂ ನೌಕರನೂ ನೇರವಾಗಿ ಎದುರುಬದುರಾದದ್ದು ಮುಷ್ಕರಗಳ ಕಾಲದಲ್ಲಿ. ೨೦೧೬ರ ಜುಲೈಯಲ್ಲಿ ಮೂರು ದಿನ, ೨೦೨೦ರ ಡಿಸೆಂಬರಿನಲ್ಲಿ ನಾಲ್ಕು ದಿನ, ೨೦೨೧ರ ಏಪ್ರಿಲ್ ೭ರಿಂದ ಎರಡು ವಾರ ರಾಜ್ಯದ ಸರ್ಕಾರಿ ಬಸ್ಸುಗಳು ನಿಂತವು. ಕೊನೆಯದರಲ್ಲಿ ಕೇಳಿದ್ದು ಸರ್ಕಾರಿ ನೌಕರರಿಗೆ ಸಮನಾದ ಸಂಬಳ. ಜನರು ತಮ್ಮನ್ನು 'ಸರ್ಕಾರ'ವೆಂದೇ ಬೈಯುವಾಗ ಸಂಬಳವೂ ಸರ್ಕಾರದ್ದೇ ಆಗಬಾರದೇಕೆ ಎಂಬ ಅವರ ವಾದದಲ್ಲಿ ಅರ್ಥವಿಲ್ಲದಿಲ್ಲ. ಸರ್ಕಾರವು ಖಾಸಗಿ ವಾಹನಗಳನ್ನು ನಿಲ್ದಾಣಗಳಿಗೆ ಬಿಟ್ಟಿತು. ಅನೇಕ ನೌಕರರು ಕೆಲಸ ಕಳೆದುಕೊಂಡರು. ಆದರೆ ದೇವದುರ್ಗದ ಕಡೆಯವರು ಬೆಂಗಳೂರಿಗೆ, ಪುಣೆಗೆ ದುಡಿಯಲು ಗುಳೆ ಹೋಗುವವರು. ಯುಗಾದಿಗೆ ಊರಿಗೆ ಬರುವುದು, ಮತ್ತೆ ಹೋಗುವುದು. ೨೦೨೧ರ ಯುಗಾದಿ ಬಿದ್ದದ್ದು ಏಪ್ರಿಲ್ ೧೩ರಂದು, ಮುಷ್ಕರದ ನಟ್ಟನಡುವೆ. ಗಂಟುಮೂಟೆ ಹೊತ್ತು ನಿಂತವನಿಗೆ ಸಂಬಳದ ವಾದ ಕೇಳುವ ವ್ಯವಧಾನವೆಲ್ಲಿ? ೨೦೨೫ರ ಆಗಸ್ಟ್ ೫ರಂದು ಬಾಕಿ ವೇತನಕ್ಕಾಗಿ ಮತ್ತೆ ಮುಷ್ಕರ ಹೂಡಿದಾಗ ಹೈಕೋರ್ಟು ಮಧ್ಯೆ ಬಂದುದರಿಂದ ಅದು ಅದೇ ದಿನ ನಿಂತಿತು. ಟಿಕೆಟಿನ ಬೆನ್ನ ಮೇಲೆ ಇತರರ ಬಾಕಿ ಬರೆಯುವವನಿಗೂ ಬರ ಬೇಕಾದ ಬಾಕಿಯಿದ್ದಿತೆಂಬುದು ಆಗ ಎಲ್ಲರಿಗೂ ತಿಳಿದ ಮಾತಾಯಿತು.

೨೦೨೩ರ ಜೂನ್ ೧೧ರಂದು 'ಶಕ್ತಿ' ಯೋಜನೆ ಬಂದಾಗ, ಹೆಂಗಸರ ಮಟ್ಟಿಗಾದರೂ ಚಿಲ್ಲರೆಯ ಜಗಳ ಮುಗಿಯಿತೆಂದು ಅನ್ನಿಸಿದ್ದು ಸಹಜ. ರಾಜ್ಯದ ಹೆಂಗಸರಿಗೆಲ್ಲ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ೨೦೨೫ರ ಜುಲೈ ೧೪ಕ್ಕೆ ಇಂತಹ ಪ್ರಯಾಣಗಳು ಐನೂರು ಕೋಟಿ ಮುಟ್ಟಿದುವು. ತವರಿಗೆ ಹೋಗಲು ಗಂಡನ ಮುಂದೆ ಕೈಯೊಡ್ಡಬೇಕಾಗಿದ್ದವರು ತಾವೇ ಬಸ್ಸು ಹತ್ತಿದರು. ಇದನ್ನು ಸಣ್ಣ ಸಂಗತಿಯೆನ್ನುವವರು ನಮ್ಮ ಹಳ್ಳಿಗಳನ್ನು ಕಾಣದವರು.

ಆದರೆ ಕಾಸು ಹೋದರೂ ಚೀಟಿ ಹೋಗಲಿಲ್ಲ. ಬೆಲೆ ಸೊನ್ನೆಯೆಂದು ಅಚ್ಚಾದ ಟಿಕೆಟನ್ನು ಕಂಡಕ್ಟರನು ಪ್ರತಿಯೊಬ್ಬಳಿಗೂ ಕೊಡಲೇಬೇಕು. ಆ ಸೊನ್ನೆಗಳ ಲೆಕ್ಕದ ಮೇಲೆಯೇ ಸರ್ಕಾರವು ನಿಗಮಕ್ಕೆ ಹಣ ತುಂಬಿಕೊಡುವುದು. ಒಬ್ಬಳಿಗೆ ಕೊಡುವುದು ತಪ್ಪಿದರೂ ಆಪತ್ತು, ಇಲ್ಲದವಳಿಗೆ ಹರಿದರೂ ಆಪತ್ತು. ಎಂಬತ್ತು ಜನ ಕಿಕ್ಕಿರಿದ ಬಸ್ಸಿನಲ್ಲಿ "ಯಮ್ಮಾ, ಆಧಾರ ತೋರ್ಸು" ಎಂದು ಕೇಳುವುದು, "ದಿನಾ ನೋಡ್ತೀಯಲ್ಲಪ್ಪಾ, ನಾ ಯಾರಂತ ಗೊತ್ತಿಲ್ಲೇನು?" ಎಂದು ಆಕೆ ಹೇಳುವುದು. ಗಂಡಸರಿಗೆ ಬೇರೆ ಅಸಮಾಧಾನ: ಕಾಸು ಕೊಟ್ಟು ನಿಲ್ಲುವವರು ನಾವು, ಕೊಡದೆ ಕೂರುವವರು ಅವರು. ೨೦೨೫ರ ಜನವರಿ ೫ರಿಂದ ದರವು ನೂರಕ್ಕೆ ಹದಿನೈದರಷ್ಟು ಏರಿದ ಮೇಲೆ ಈ ಮಾತು ಇನ್ನಷ್ಟು ಗಟ್ಟಿಯಾಗಿ ಕೇಳಿಬಂದಿತು. ಜಗಳವು ಚೀಲದಿಂದ ಎದ್ದು ಸೀಟಿಗೆ ಹೋಗಿ ಕುಳಿತಿತು.

ಹಿಂದೆ ನೆನಪಿಟ್ಟುಕೊಳ್ಳಲು ಹೇಳಿದ ಗದ್ವಾಲದ ದಾರಿ ಈಗ ಬರುತ್ತದೆ. ಶಕ್ತಿಯು ಕರ್ನಾಟಕದ ವಿಳಾಸವುಳ್ಳ ಹೆಂಗಸರಿಗೆ. ತೆಲಂಗಾಣವು ೨೦೨೩ರ ಡಿಸೆಂಬರ್ ೯ರಿಂದ ತನ್ನ ಹೆಂಗಸರಿಗೆ ತನ್ನ ಬಸ್ಸುಗಳನ್ನು ಉಚಿತ ಮಾಡಿತು. ಆಂಧ್ರವು ೨೦೨೫ರ ಆಗಸ್ಟ್ ೧೫ರಿಂದ. ರಾಯಚೂರಿನ ಸುತ್ತ ಮೂರು ರಾಜ್ಯಗಳು, ಮೂರು ಉಚಿತಗಳು, ಮೂರು ಗುರುತಿನ ಚೀಟಿಗಳು. ಮಾನ್ವಿಯಲ್ಲಿ ಹುಟ್ಟಿ ಗದ್ವಾಲಕ್ಕೆ ಕೊಟ್ಟ ಹೆಣ್ಣುಮಗಳು ಪಂಚಮಿಗೆ ತವರಿಗೆ ಬಂದು ಇಲ್ಲಿಯ ಬಸ್ಸು ಹತ್ತಿದರೆ, ಅವಳ ಆಧಾರದ ಮೇಲೆ ಆಚೆಯ ವಿಳಾಸ. ಪಕ್ಕದಲ್ಲಿ ಕುಳಿತ ತಾಯಿಗೆ ಸೊನ್ನೆ ಟಿಕೆಟು, ಮಗಳಿಗೆ ಪೂರ್ತಿ ದರ. "ಇಕೀ ನನ್ನ ಮಗಳಪ್ಪಾ, ನನ್ನ ಹೊಟ್ಟ್ಯಾಗ ಹುಟ್ಟ್ಯಾಳ" ಎಂದು ತಾಯಿ ಹೇಳಿದರೆ ಕಂಡಕ್ಟರನು ಏನು ಮಾಡಬೇಕು? ಗದ್ವಾಲವನ್ನು ಆಚೆಗೆ ಕಳಿಸಿದ ೧೯೫೬ರ ಗೆರೆಯನ್ನು ಎಳೆದವನು ಆತನಲ್ಲ. ಆದರೆ ಅದನ್ನು ಆ ಹೊತ್ತಿನಲ್ಲಿ ತಾಯಿ ಮಗಳ ನಡುವೆ ಎಳೆಯಬೇಕಾದವನು ಆತನೇ. ೨೦೨೫ರ ಫೆಬ್ರವರಿಯಲ್ಲಿ ಬೆಳಗಾವಿಯ ಕಡೆ ಭಾಷೆಯ ಮಾತಿನಿಂದ ಕಂಡಕ್ಟರನೊಬ್ಬನ ಮೇಲೆ ಹಲ್ಲೆಯಾಗಿ, ಕೆಲವು ದಿನ ಮಹಾರಾಷ್ಟ್ರ ಕರ್ನಾಟಕಗಳ ನಡುವೆ ಬಸ್ಸುಗಳೇ ನಿಂತಾಗಲೂ ಹೀಗೆಯೇ ಆಯಿತು: ಅಲ್ಲಿಯ ಮಾತು ಎದ್ದದ್ದು ಇಂತಹದೇ ಒಂದು ಸೊನ್ನೆ ಟಿಕೆಟಿನಿಂದ. ರಾಯಚೂರಿನ ಗಡಿಯಲ್ಲಿ ಅಷ್ಟು ದೂರ ಹೋಗಿಲ್ಲವೆಂಬುದು ಸಂತೋಷದ ಸಂಗತಿ. ಇಲ್ಲಿಯವರು ಬೈದಾಡುವುದೂ ಮೂರು ಭಾಷೆಗಳಲ್ಲಿಯಾದುದರಿಂದ ಯಾವ ಭಾಷೆಗೂ ಪೂರ್ತಿ ಅವಮಾನವಾಗುವುದಿಲ್ಲವೇನೋ.

ಈಚೆಗೆ ಮೊಬೈಲಿನಿಂದ ಹಣ ಕಟ್ಟುವ ಪದ್ಧತಿ ಸಾರಿಗೆ ನಿಗಮಗಳ ಬಸ್ಸುಗಳಿಗೂ ಬಂದಿದೆ. ಚಿಲ್ಲರೆ ಬೇಡ, ನೋಟು ಬೇಡ. ಆದರೆ ಊರು ದಾಟಿ ಒಳದಾರಿ ಹಿಡಿದೊಡನೆ ಮೊಬೈಲಿಗೆ ಸಂಪರ್ಕ ಸಿಗದ ಜಾಗಗಳುಂಟು. ಪ್ರಯಾಣಿಕನು ಹಣ ಹೋಯಿತೆನ್ನುತ್ತಾನೆ, ಕಂಡಕ್ಟರನು ಬರಲಿಲ್ಲವೆನ್ನುತ್ತಾನೆ. ಇಬ್ಬರೂ ಒಂದೇ ಸಣ್ಣ ಗಾಜಿನ ಮೇಲೆ ತಲೆ ಬಗ್ಗಿಸಿ ಗುಂಡಗೆ ಸುತ್ತುವ ಗುರುತನ್ನು ನೋಡುತ್ತ ನಿಲ್ಲುತ್ತಾರೆ. ಹಿಂದಿನ ಸೀಟಿನಿಂದ ಮುದುಕಿ, "ತಮ್ಮಾ, ನನ್ನ ಚೀಟಿ?" ಎಂದು ಕೂಗುತ್ತಾಳೆ. ಆತನು ಸೊನ್ನೆಯ ಟಿಕೆಟನ್ನು ಹರಿದು ಕೊಡುತ್ತಾನೆ. ಆಕೆ ಅದನ್ನು ತಿರುವಿ ಬೆನ್ನ ಮೇಲೆ ಏನಾದರೂ ಬರೆದಿದೆಯೇ ಎಂದು ಒಮ್ಮೆ ನೋಡಿ, ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ.